ಗಾಳಿಯನ್ನು ಕಾಯಿಸುವುದು ಯಾರಿಗಾಗಿ?

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕಬ್ಬಿಣದ ಕಾರ್ಖಾನೆ ಬರುವುದಕ್ಕೆ ಮೊದಲೇ ಇದ್ದ ಹೆಸರದು. 1923ರಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆಯ ಊದುಕುಲುಮೆ ಉರಿಯತೊಡಗಿದ ಮೇಲೆ ಆ ಹಳೆಯ ಹೆಸರು ಅನ್ವರ್ಥವೂ ಆಯಿತು. ಕಲ್ಲಿದ್ದಲು ಸಿಗದ ನಾಡಿನಲ್ಲಿ ಕಬ್ಬಿಣ ಕರಗಿಸುವ ಸಾಹಸ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು, ಎರಡೂ ಸೇರಿ ಕಬ್ಬಿಣವಾಗುತ್ತಿತ್ತು. ಆ ಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಅದಿರಿನೊಳಗೆ ಕಬ್ಬಿಣವನ್ನು ಹಿಡಿದುಕೊಂಡಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದು ಒಂದು, ಅದಕ್ಕೆಲ್ಲ ಬೇಕಾದ ಕಾವು ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲಿ ಇಂಗಾಲವೇ ಬೇಕಿತ್ತು. ಎರಡನೆಯದಕ್ಕೆ ಇಂಗಾಲವೇ ಆಗಬೇಕೆಂದೇನೂ ಇರಲಿಲ್ಲ. 1940ರ ದಶಕದ ಕೊನೆಗೆ ಶರಾವತಿ ನದಿಯ ಜೋಗದಲ್ಲಿ ವಿದ್ಯುತ್ ಹುಟ್ಟತೊಡಗಿತು. ಅದರ ಬೆನ್ನಿಗೇ ಭದ್ರಾವತಿಯ ಎಂಜಿನಿಯರುಗಳು ಈ ಎರಡು ಕೆಲಸಗಳನ್ನು ಬೇರ್ಪಡಿಸಿದರು. 1950ರ ದಶಕದ ಆರಂಭದಲ್ಲಿ ಅಲ್ಲಿ ನಾರ್ವೆ ಮೂಲದ ಟಿಸ್ಲೆಂಡ್-ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಬಂದವು. ಕಾವನ್ನು ಶರಾವತಿಯ ನೀರು ಕೊಟ್ಟಿತು, ಇದ್ದಿಲು ರಾಸಾಯನಿಕ ಕೆಲಸಕ್ಕಷ್ಟೇ ಉಳಿಯಿತು. ಇಂಥ ಕುಲುಮೆಯಲ್ಲಿ ಟನ್ ಕಬ್ಬಿಣಕ್ಕೆ ಬೇಕಾಗುವ ಇಂಗಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಈ ಇತಿಹಾಸವನ್ನು ಎತ್ತಿಕೊಂಡದ್ದು ಹಳೆಯ ವೈಭವ ನೆನೆದು ನಿಟ್ಟುಸಿರು ಬಿಡುವುದಕ್ಕಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಸದ್ದಡಗಿತು. ಆ ಹಳೆಯ ಕಬ್ಬಿಣದ ಕಾರ್ಖಾನೆಯ ಇಂದಿನ ರೂಪವಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಆ ನೋವು ಶಿವಮೊಗ್ಗ ಜಿಲ್ಲೆಗೆ ಇನ್ನೂ ಹಸಿಯಾಗಿದೆ. ಆದರೆ ಆ ಎಂಜಿನಿಯರುಗಳು ಕೇಳಿದ ಪ್ರಶ್ನೆಗೆ ವಯಸ್ಸಾಗಿಲ್ಲ. ಈ ಬೆಂಕಿ ಇಲ್ಲಿ ಮಾಡುತ್ತಿರುವ ಕೆಲಸವಾದರೂ ಏನು? ಅದರಲ್ಲಿ ಎಷ್ಟು ಪಾಲು ವಸ್ತುವಿಗೆ ತಲುಪುತ್ತಿದೆ, ಎಷ್ಟು ಪಾಲು ಸುಮ್ಮನೆ ಹೋಗುತ್ತಿದೆ? ಇಂದು ಶಿವಮೊಗ್ಗ ಮತ್ತು ಭದ್ರಾವತಿಯ ಕೈಗಾರಿಕೆ ಎಂದರೆ ಒಂದು ದೊಡ್ಡ ಕುಲುಮೆಯಲ್ಲ, ನೂರಾರು ಸಣ್ಣ ಒಲೆಗಳು. ಎರಡೂ ಊರುಗಳ ನಡುವಿನ ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳು, ಸಿದ್ಧ ಉಡುಪಿನ ಘಟಕಗಳು, ಊರೊಳಗಿನ ಗೇಟು-ಗ್ರಿಲ್ಲು ಮಾಡುವ ಫ್ಯಾಬ್ರಿಕೇಶನ್ ಶೆಡ್ಡುಗಳು, ಬಣ್ಣದ ಪುಡಿ ಬಳಿದು ಬೇಯಿಸುವ ಪೌಡರ್ ಕೋಟಿಂಗ್ ಒಲೆಗಳು, ನೀರಿನ ಬಾಟಲಿ ಊದುವ ಯಂತ್ರಗಳು. ಇವುಗಳಲ್ಲಿ ಹಲವಕ್ಕೆ ಬೇಕಾಗಿರುವುದು ವಸ್ತುವಿನ ಮೇಲ್ಮೈಗೆ ಅಥವಾ ತೆಳುವಾದ ಪದರಕ್ಕೆ ಕಾವು. ಆದರೂ ಅನೇಕ ಕಡೆ ನಾವು ಕಾಯಿಸುತ್ತಿರುವುದು ಒಂದು ಕೋಣೆ ತುಂಬ ಗಾಳಿಯನ್ನು. ಅಂಥ ಕೆಲಸಗಳಿಗೆ ಕ್ವಾರ್ಟ್ಸ್ ಟ್ಯೂಬಿನ ಇನ್‌ಫ್ರಾರೆಡ್ ಹೀಟರ್ ಹೆಚ್ಚು ಯೋಗ್ಯವಾದ ಒಲೆ ಎಂಬುದು ನನ್ನ ವಾದ. ಎಲ್ಲ ಕೆಲಸಕ್ಕೂ ಅಲ್ಲ ಎಂಬುದೂ ಅದೇ ವಾದದ ಭಾಗ.

ಒಂದು ಸರಳ ಲೆಕ್ಕದಿಂದ ಶುರುಮಾಡೋಣ. 20 ಕಿಲೋ ತೂಕದ ಕಿಟಕಿ ಗ್ರಿಲ್ಲಿಗೆ ಬಣ್ಣದ ಪುಡಿ ಬಳಿದಿದೆ ಎಂದುಕೊಳ್ಳಿ. ಆ ಪುಡಿ ಕರಗಿ, ಹರಡಿ, ಗಟ್ಟಿಯಾಗಲು ಲೋಹವನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ತಂದು ಹತ್ತು-ಹದಿನೈದು ನಿಮಿಷ ಹಾಗೇ ಇರಿಸಬೇಕು. ಒಂದು ಕಿಲೋ ಉಕ್ಕಿನ ಕಾವು ಒಂದು ಡಿಗ್ರಿ ಏರಲು ಅರ್ಧ ಕಿಲೋಜೂಲ್‌ನಷ್ಟು ಶಕ್ತಿ ಸಾಕು. 20 ಕಿಲೋ ಉಕ್ಕನ್ನು 160 ಡಿಗ್ರಿ ಏರಿಸಲು 1,600 ಕಿಲೋಜೂಲ್. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಅಲ್ಲಿಗೆ ಆ ಇಡೀ ಗ್ರಿಲ್ಲಿಗೆ ನಿಜವಾಗಿ ಸೇರಬೇಕಾದ ಶಕ್ತಿ ಅರ್ಧ ಯೂನಿಟ್‌ಗಿಂತ ಕಡಿಮೆ. ಇದನ್ನೇ ಎಲ್‌ಪಿಜಿ ಲೆಕ್ಕದಲ್ಲಿ ಹೇಳಿದರೆ ಸುಮಾರು 35 ಗ್ರಾಂ ಅನಿಲ. ಹೋಟೆಲುಗಳಲ್ಲಿ ಕಾಣುವ 19 ಕಿಲೋ ಸಿಲಿಂಡರಿನಲ್ಲಿ ಐನೂರಕ್ಕೂ ಹೆಚ್ಚು ಗ್ರಿಲ್ಲು ಬೇಯಬೇಕು. ಹಾಗೆ ಬೇಯುವ ಒಲೆ ಎಲ್ಲೂ ಇಲ್ಲ. ಯಾಕಿಲ್ಲ ಎಂದರೆ ಬಿಸಿಗಾಳಿಯ ಒಲೆ ಗ್ರಿಲ್ಲಿಗಿಂತ ಮೊದಲು ತನ್ನನ್ನೇ ಕಾಯಿಸಿಕೊಳ್ಳಬೇಕು. ಗೋಡೆಯ ತಗಡು, ನೆಲ, ಗ್ರಿಲ್ಲು ತೂಗುಹಾಕಿದ ಟ್ರಾಲಿ, ಒಳಗಿನ ಗಾಳಿ, ಎಲ್ಲವೂ ಅದೇ ಕಾವಿಗೆ ಬರಬೇಕು. ಹೊಗೆಯ ಜೊತೆ ಚಿಮಣಿಯಲ್ಲಿ ಒಂದು ಪಾಲು ಹೋಗುತ್ತದೆ, ಬಾಗಿಲು ತೆರೆದಾಗಲೆಲ್ಲ ಒಂದು ಪಾಲು ಹೋಗುತ್ತದೆ. ಬೆಳಗ್ಗೆ ಒಲೆ ಹೊತ್ತಿಸಿ ಕಾಯುವ ಹೊತ್ತು, ಎರಡು ಸರದಿಗಳ ನಡುವೆ ಖಾಲಿ ಉರಿಯುವ ಹೊತ್ತು ಇವಕ್ಕೆಲ್ಲ ಲೆಕ್ಕವಿಡುವವರು ಕಡಿಮೆ. ದಿನವಿಡೀ ಬಿಡುವಿಲ್ಲದೆ ಮಾಲು ಬರುವ ದೊಡ್ಡ ಕಾರ್ಖಾನೆಯಲ್ಲಿ ಈ ನಷ್ಟ ಸಾವಿರಾರು ತುಣುಕುಗಳ ಮೇಲೆ ಹಂಚಿಹೋಗುತ್ತದೆ. ಇವತ್ತು ಹತ್ತು ಗ್ರಿಲ್ಲು, ನಾಳೆ ಎರಡು ಗೇಟು ಎಂಬಂತೆ ನಡೆಯುವ ನಮ್ಮ ಊರಿನ ಶೆಡ್ಡಿನಲ್ಲಿ ಅಷ್ಟೂ ನಷ್ಟ ಆ ಹತ್ತು ಗ್ರಿಲ್ಲಿನ ತಲೆಯ ಮೇಲೆಯೇ ಬೀಳುತ್ತದೆ.

ಮಾಗಿಯ ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿ ಚಳಿ ಕಾಯಿಸುವವರಿಗೆ ಬೇರೊಂದು ಬಗೆಯ ಕಾವಿನ ಪರಿಚಯವಿದೆ. ಮುಖ, ಎದೆ, ಅಂಗೈ ಬಿಸಿ, ಬೆನ್ನು ತಣ್ಣಗೆ. ನಡುವಿನ ಗಾಳಿ ಬಿಸಿಯಾಗಿ ಆ ಕಾವು ಬಂದದ್ದಲ್ಲ. ಬಿಸಿಗಾಳಿ ಮೇಲಕ್ಕೇರಿ ಹೋಗುತ್ತಿರುತ್ತದೆ, ತಣ್ಣನೆಯ ಗಾಳಿ ಬದಿಯಿಂದ ಬೆಂಕಿಯತ್ತ ಹರಿಯುತ್ತಿರುತ್ತದೆ. ನಮ್ಮ ಮೈಗೆ ತಾಗಿದ್ದು ಕೆಂಡದಿಂದ ಹೊರಟ ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದ ಮೂಲಕ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತು. ಇನ್‌ಫ್ರಾರೆಡ್ ಎಂದರೆ ಆ ಕಾಣದ ಕಿರಣವೇ; ಕನ್ನಡದ ವಿಜ್ಞಾನ ಪುಸ್ತಕಗಳು ಅದನ್ನು ಅವಕೆಂಪು ಎನ್ನುತ್ತವೆ. ಕೈಗಾರಿಕೆಗೆ ಇದರಲ್ಲಿ ಇನ್ನೂ ಒಂದು ವಿಶೇಷ ಇದೆ. ಕಾದ ವಸ್ತು ಹೊರಸೂಸುವ ಕಿರಣದ ಬಲ ಅದರ ನಿರಪೇಕ್ಷ ತಾಪಮಾನದ ನಾಲ್ಕನೆಯ ಘಾತದಂತೆ ಏರುತ್ತದೆ. 327 ಡಿಗ್ರಿಯಲ್ಲಿರುವ ಮೇಲ್ಮೈ ಒಂದು ಚದರ ಮೀಟರಿಗೆ ಹೆಚ್ಚೆಂದರೆ 7 ಕಿಲೋವಾಟ್‌ಗಿಂತ ಸ್ವಲ್ಪ ಹೆಚ್ಚು ಸೂಸಬಲ್ಲದು. ಅದೇ ಮೇಲ್ಮೈ 927 ಡಿಗ್ರಿಗೆ ಬಂದರೆ ಅದು ನಿರಪೇಕ್ಷ ಲೆಕ್ಕದಲ್ಲಿ ಸರಿಯಾಗಿ ಎರಡು ಪಟ್ಟು. ಆಗ ಸೂಸುವುದು ಸುಮಾರು 118 ಕಿಲೋವಾಟ್, ಅಂದರೆ ಹದಿನಾರು ಪಟ್ಟು. ಪುಟ್ಟ ಜಾಗದಲ್ಲಿ ಬಹಳ ಬಿಸಿಯಾದ ಒಂದು ಸುರುಳಿ ಇಟ್ಟರೆ ಸಾಕು, ಇಡೀ ಕೋಣೆ ಬಿಸಿಯಾಗಬೇಕಿಲ್ಲ ಎನ್ನುವ ಮಾತಿಗೆ ಆಧಾರ ಇದು.

ಆ ಸುರುಳಿಯನ್ನು ಹೊದಿಸಲು ಯಾವ ಗಾಜು ತಡೆದೀತು? ಇಲ್ಲಿ ಕ್ವಾರ್ಟ್ಸ್, ಅಂದರೆ ನಮ್ಮ ಹೊಲದ ಬದುವಿನಲ್ಲಿ ಬಿಳಿಯಾಗಿ ಹೊಳೆಯುವ ಬೆಣಚುಕಲ್ಲಿನ ಸಂತತಿ ಕೆಲಸಕ್ಕೆ ಬರುತ್ತದೆ. ಅತಿ ಶುದ್ಧವಾದ ಸಿಲಿಕವನ್ನು ಕರಗಿಸಿ ಎಳೆದ ಕೊಳವೆ ಅದು. ಕೆಂಪಗೆ ಕಾದಿದ್ದಾಗ ನೀರು ಸಿಡಿದರೂ ಸಾಮಾನ್ಯ ಗಾಜಿನಂತೆ ಸೀಳುವುದಿಲ್ಲ, ಏಕೆಂದರೆ ಕಾವಿಗೆ ಅದು ಹಿಗ್ಗುವುದು ಸಾಮಾನ್ಯ ಗಾಜಿನ ಹದಿನೈದನೇ ಒಂದು ಪಾಲಿನಷ್ಟು ಮಾತ್ರ. ಸುಮಾರು ನಾಲ್ಕು ಮೈಕ್ರೋಮೀಟರ್ ತರಂಗಾಂತರದವರೆಗಿನ ಕಿರಣವನ್ನು ಹಾಯಗೊಡುತ್ತದೆ. ಒಳಗಿನ ಸುರುಳಿ ಯಾವುದು ಎಂಬುದರ ಮೇಲೆ ಟ್ಯೂಬಿನ ಸ್ವಭಾವ ನಿಂತಿದೆ. ನೈಕ್ರೋಮ್ ಅಥವಾ ಅಂಥ ಮಿಶ್ರಲೋಹದ ಸುರುಳಿ 800ರಿಂದ 1,000 ಡಿಗ್ರಿಯಲ್ಲಿ ಕೆಂಪಗೆ ಉರಿಯುತ್ತದೆ. ಅದರ ಕಿರಣದ ಬಲ ಎರಡೂವರೆ ಮೈಕ್ರೋಮೀಟರಿನ ಆಸುಪಾಸಿನಲ್ಲಿ ಹೆಚ್ಚು. ನೀರು ಅತಿ ಚೆನ್ನಾಗಿ ಹೀರುವುದು ಮೂರರ ಹತ್ತಿರದ ಕಿರಣವನ್ನು, ಬಣ್ಣ ಮತ್ತು ಪ್ಲಾಸ್ಟಿಕ್ಕು ಅದಕ್ಕಿಂತ ತುಸು ಮುಂದಿನದನ್ನು. ಹಾಗಾಗಿ ತೆಳು ಬಣ್ಣದ ಪದರಕ್ಕೂ ನೀರು ಬೆರೆತ ಲೇಪಕ್ಕೂ ಈ ಮಧ್ಯಮ ತರಂಗದ ಟ್ಯೂಬು ಹೊಂದುತ್ತದೆ. ಇನ್ನೊಂದು ಬಗೆಯಲ್ಲಿ ಹ್ಯಾಲೊಜೆನ್ ಅನಿಲ ತುಂಬಿ ಮುಚ್ಚಿದ ಕೊಳವೆಯೊಳಗೆ ಟಂಗ್‌ಸ್ಟನ್ ತಂತಿ 2,200 ಡಿಗ್ರಿ ದಾಟಿ ಬೆಳ್ಳಗೆ ಉರಿಯುತ್ತದೆ. ಅದರ ಕಿರಣ ಹ್ರಸ್ವ, ವಸ್ತುವಿನ ಒಳಕ್ಕೆ ಇಳಿಯುವ ಗುಣ ಹೆಚ್ಚು. ಗುಂಡಿ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಪೂರ್ಣ ಕಾವು, ಆರಿಸಿದಾಗಲೂ ಅಷ್ಟೇ ಬೇಗ ತಣಿಯುತ್ತದೆ. ಮಧ್ಯಮ ತರಂಗದ್ದಕ್ಕೆ ಅರ್ಧ-ಮುಕ್ಕಾಲು ನಿಮಿಷ ಬೇಕು. ಪಿಂಗಾಣಿ ಹೀಟರಿಗೆ ಹಲವು ನಿಮಿಷ. ಮಾಲು ಬಂದಾಗ ಹಚ್ಚಿ, ಹೋದಾಗ ಆರಿಸಬಹುದಾದ ಒಲೆ ಇದು. ಸಣ್ಣ ಉದ್ಯಮಕ್ಕೆ ಇದರ ನಿಜವಾದ ಬೆಲೆ ಇರುವುದು ಈ ಗುಣದಲ್ಲಿ ಎಂದು ನನಗೆ ಅನಿಸುತ್ತದೆ; ದಕ್ಷತೆಯ ಶೇಕಡಾವಾರು ಲೆಕ್ಕ ಆಮೇಲಿನದು.

ಈ ತಂತ್ರ ಹೊಸದಲ್ಲ. ಅಮೆರಿಕದ ಫೋರ್ಡ್ ಕಾರ್ಖಾನೆ 1930ರ ದಶಕದಲ್ಲೇ ಕಾರಿನ ಬಣ್ಣ ಒಣಗಿಸಲು ಅವಕೆಂಪು ದೀಪಗಳನ್ನು ಬಳಸಿತು. ನೀರಿನ ಬಾಟಲಿ ಊದುವ ಯಂತ್ರ ಇರುವ ಕಡೆಯೆಲ್ಲ ಇವತ್ತೂ ಇದೇ ದೀಪಗಳ ಸಾಲು ಇರುತ್ತದೆ: ಬೆರಳುದ್ದದ ಪ್ಲಾಸ್ಟಿಕ್ ಪ್ರಿಫಾರ್ಮ್ ತಿರುಗುತ್ತ ಅದರ ಮುಂದೆ ಹಾದು, ಸುಮಾರು 100 ಡಿಗ್ರಿಗೆ ಮೆತ್ತಗಾಗಿ, ಅಚ್ಚಿನೊಳಗೆ ಊದಿಸಿಕೊಂಡು ಬಾಟಲಿಯಾಗುತ್ತದೆ. ಬಿಸಿಗಾಳಿಯಿಂದ ಈ ಕೆಲಸ ಇಷ್ಟು ಬೇಗ ಆಗದು, ಯಾಕೆಂದರೆ ಹೊರಮೈ ಬೆಂದು ಒಳಮೈ ಹಸಿಯಾಗಿ ಉಳಿಯುತ್ತದೆ. ಒಳಕ್ಕಿಳಿಯುವ ಹ್ರಸ್ವ ಕಿರಣ ಮೂರು-ನಾಲ್ಕು ಮಿಲಿಮೀಟರ್ ದಪ್ಪವನ್ನು ಒಟ್ಟಿಗೆ ಕಾಯಿಸುತ್ತದೆ. ಟೀ ಶರ್ಟಿಗೆ ಚಿತ್ರ ಅಚ್ಚೊತ್ತುವವರು ಒಂದು ಬಣ್ಣ ಒಣಗಿಸಿ ಇನ್ನೊಂದು ಬಣ್ಣ ಹಾಕಲು ಬಳಸುವ ಫ್ಲ್ಯಾಶ್ ಹೀಟರಿನಲ್ಲೂ ಇದೇ ಟ್ಯೂಬು ಇರುತ್ತದೆ. ಎರಕದ ಕಾರ್ಖಾನೆಗಳಿಗೆ ಸಂಬಂಧಿಸಿದ ಸಾಧ್ಯತೆ ಇನ್ನೂ ಮುಖ್ಯವಾದದ್ದು. ಕರಗಿದ ಲೋಹ ಮರಳಿನೊಳಗೆ ಇಳಿಯದಂತೆ ಮರಳಿನ ಅಚ್ಚಿಗೂ ಅದರೊಳಗಿಡುವ ಕೋರಿಗೂ ಒಂದು ಲೇಪ ಬಳಿಯುತ್ತಾರೆ. ಸ್ಪಿರಿಟ್ಟಿನಲ್ಲಿ ಕಲಸಿದ ಲೇಪವಾದರೆ ಬಳಿದ ಮೇಲೆ ಬೆಂಕಿ ಹಚ್ಚಿ ಉರಿಸಿಬಿಡುವುದು ರೂಢಿ. ಆ ಉರಿ, ಆ ಆವಿ ಕೆಲಸಗಾರರ ಮುಖದ ಮುಂದೆಯೇ. ನೀರಿನ ಲೇಪ ಹೆಚ್ಚು ಸುರಕ್ಷಿತ, ಆದರೆ ಒಣಗುವುದು ನಿಧಾನ, ನಮ್ಮ ಮಳೆಗಾಲದಲ್ಲಂತೂ ಇನ್ನೂ ನಿಧಾನ. ತೆಳುವಾದ ನೀರಿನ ಪದರವನ್ನು ಮೇಲಿನಿಂದ ಬೇಗ ಒಣಗಿಸುವುದು ಮಧ್ಯಮ ತರಂಗದ ಟ್ಯೂಬಿಗೆ ಹೇಳಿ ಮಾಡಿಸಿದ ಕೆಲಸ. ಮಾಚೇನಹಳ್ಳಿಯಲ್ಲಿ ಇದನ್ನು ಪರೀಕ್ಷಿಸಿ ನೋಡುವುದಕ್ಕೆ ಖರ್ಚಿಗಿಂತ ಕಾರಣವೇ ಹೆಚ್ಚಾಗಿದೆ.

ಇದಕ್ಕೆ ಮೊದಲ ಆಕ್ಷೇಪ ದುಡ್ಡಿನದು. ಸೌದೆಯ ಒಂದು ಯೂನಿಟ್ ಕಾವಿಗೂ ಮೆಸ್ಕಾಂ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಕಾವಿಗೂ ಅಜಗಜಾಂತರ ಎಂಬ ಮಾತು ನಿಜ. ಸೌದೆ ಸಾಕಷ್ಟು ಸಿಗುವ ಜಿಲ್ಲೆಯಲ್ಲಿ ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಾನು ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ, ಒಪ್ಪುವ ಅರ್ಧವನ್ನು ಪೂರ್ಣವಾಗಿಯೇ ಒಪ್ಪುತ್ತೇನೆ. ಅಡಿಕೆಯನ್ನು ತೆಗೆದುಕೊಳ್ಳಿ. ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸಿ ಒಣಗಿಸುವ ಕೆಲಸಕ್ಕೆ ಕ್ವಾರ್ಟ್ಸ್ ಟ್ಯೂಬು ಮಾರಲು ಯಾರಾದರೂ ಬಂದರೆ ಬೆಳೆಗಾರರು ನಯವಾಗಿ ವಾಪಸು ಕಳಿಸಬೇಕು. ಒಂದು ಕಿಲೋ ನೀರನ್ನು ಆವಿಯಾಗಿಸಲು ನಷ್ಟವೇ ಇಲ್ಲದಿದ್ದರೂ 0.7 ಯೂನಿಟ್ ಬೇಕು. ಕ್ವಿಂಟಲ್ ನೀರಿಗೆ 70 ಯೂನಿಟ್. ಆ ನೀರು ಅಡಿಕೆಯ ಒಡಲಿನಿಂದ ನಿಧಾನವಾಗಿ ಮೇಲ್ಮೈಗೆ ಬರಬೇಕು. ಮೇಲ್ಮೈಯನ್ನು ಚುರುಕಾಗಿ ಕಾಯಿಸಿದರೆ ಹೊರಗೆ ಸೀಯುತ್ತದೆ, ಒಳಗೆ ಹಸಿ. ಅಲ್ಲಿ ಬಿಸಿಲೇ ಸರಿ, ಮಳೆ ಹಿಡಿದರೆ ಅಡಿಕೆಯ ಸಿಪ್ಪೆಯನ್ನೇ ಉರಿಸುವ ಡ್ರೈಯರ್ ಸರಿ. ಒಪ್ಪದ ಅರ್ಧ ಇದು: ಉರುವಲಿನ ಯೂನಿಟ್ಟಿಗೂ ವಿದ್ಯುತ್ತಿನ ಯೂನಿಟ್ಟಿಗೂ ಬೆಲೆ ಹೋಲಿಸುವುದು ತಪ್ಪು ತಕ್ಕಡಿ. ಹೋಲಿಸಬೇಕಾದದ್ದು ಕೆಡದೆ ಹೊರಬಂದ ಒಂದು ಗ್ರಿಲ್ಲಿಗೆ ತಗುಲಿದ ವೆಚ್ಚವನ್ನು. ಬಿಸಿಗಾಳಿಯ ಒಲೆ ಅರ್ಧ ದಿನ ಖಾಲಿ ಉರಿಯುತ್ತಿದ್ದರೆ ಅಗ್ಗದ ಅನಿಲವೂ ದುಬಾರಿಯೇ. ಟ್ಯೂಬಿನ ಪಕ್ಷವನ್ನೂ ಹಿಗ್ಗಿಸಿ ಹೇಳಬಾರದು. ಮಧ್ಯಮ ತರಂಗದ ಟ್ಯೂಬಿಗೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕಿರಣವಾಗುತ್ತದೆ, ಮಿಕ್ಕದ್ದು ಸುತ್ತಲ ಗಾಳಿಗೆ. ಆ ಕಿರಣದಲ್ಲೂ ಗ್ರಿಲ್ಲಿನ ಸಂದುಗಳಲ್ಲಿ ತೂರಿ ಆಚೆ ಹೋದದ್ದನ್ನು ಪ್ರತಿಫಲಕ ಹಾಕಿ ಮರಳಿ ತರಬೇಕು.

ಎರಡನೆಯ ಆಕ್ಷೇಪ ಆಕಾರದ್ದು, ತಾಂತ್ರಿಕವಾಗಿ ಇದೇ ಗಟ್ಟಿಯಾದದ್ದು. ಚಳಿ ಕಾಯಿಸುವವನ ಬೆನ್ನು ತಣ್ಣಗಿರುವಂತೆ ಕಿರಣ ಕಾಣದ ಮೂಲೆ ತಣ್ಣಗೇ ಉಳಿಯುತ್ತದೆ. ಚಪ್ಪಟೆ ತಗಡಿಗೆ ತೊಂದರೆಯಿಲ್ಲ, ಆದರೆ ಬಳ್ಳಿ-ಹೂವು ಬೆಸೆದ ಗೇಟಿಗೆ, ಒಳಗೆ ಟೊಳ್ಳಿರುವ ಪೆಟ್ಟಿಗೆಗೆ ಇದು ದೋಷವೇ. ತೆಳು ಕಂಬಿ ಬೇಗ ಕಾದು ಬಣ್ಣ ಹಳದಿಗಟ್ಟುತ್ತದೆ, ದಪ್ಪ ಚೌಕಟ್ಟು ಇನ್ನೂ ಕಾಯುತ್ತಿರುತ್ತದೆ. ಹ್ರಸ್ವ ತರಂಗದಲ್ಲಿ ಕಪ್ಪು ಬಣ್ಣ ಬಿಳಿಗಿಂತ ಬೇಗ ಕಾಯುವ ತಕರಾರೂ ಇದೆ. ಇದಕ್ಕೆ ಉತ್ತರ ಎರಡನ್ನೂ ಕೂಡಿಸುವುದು. ಮೊದಲ ಒಂದೆರಡು ನಿಮಿಷ ಕ್ವಾರ್ಟ್ಸ್ ಟ್ಯೂಬುಗಳ ನಡುವೆ ಹಾಯಿಸಿದರೆ ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಚಿಕ್ಕದೊಂದು ಬಿಸಿಗಾಳಿಯ ಕೋಣೆಯಲ್ಲಿ ಉಳಿದ ಬೇಯುವಿಕೆ ಮುಗಿಯುತ್ತದೆ. ಪುಡಿ ಮೊದಲೇ ಅಂಟಿರುವುದರಿಂದ ಫ್ಯಾನಿನ ಗಾಳಿಗೆ ಹಾರಿ ಪಕ್ಕದ ಬೇರೆ ಬಣ್ಣದ ತುಣುಕಿಗೆ ಕೂರುವುದೂ ತಪ್ಪುತ್ತದೆ. ಹೀಗಾಗಿ ಈಗಿರುವ ಒಲೆಯನ್ನು ಕಿತ್ತೆಸೆಯಬೇಕಿಲ್ಲ, ಅದರ ಬಾಯಿಗೆ ಟ್ಯೂಬಿನ ಒಂದು ಸುರಂಗ ಸೇರಿಸಿದರೆ ಸಾಕು.

ಮಲೆನಾಡಿನವರು ಕೇಳಲೇಬೇಕಾದ ಮೂರನೆಯ ಪ್ರಶ್ನೆ ವೋಲ್ಟೇಜಿನದು. ನೈಕ್ರೋಮ್ ಸುರುಳಿಗೆ ಬರುವ ವೋಲ್ಟೇಜು ಶೇ 10 ಇಳಿದರೆ ಅದು ಕೊಡುವ ಕಾವು ಶೇ 19 ಇಳಿಯುತ್ತದೆ. ಗಡಿಯಾರ ನೋಡಿ ಇಷ್ಟು ನಿಮಿಷ ಎಂದು ನಂಬಿ ಕುಳಿತರೆ ಅರೆಬೆಂದ ಬಣ್ಣ ಗಿರಾಕಿಯ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಸುಲಿಯುತ್ತದೆ. ದೂರದಿಂದಲೇ ಮೇಲ್ಮೈಯ ಕಾವು ಅಳೆದು ವಿದ್ಯುತ್ತನ್ನು ಹೆಚ್ಚು-ಕಡಿಮೆ ಮಾಡುವ ನಿಯಂತ್ರಕ ಇಲ್ಲದ ಟ್ಯೂಬು ಒಲೆಯನ್ನು ಕೊಳ್ಳಬಾರದು, ಎಷ್ಟೇ ಅಗ್ಗವಾಗಲಿ. ಇಷ್ಟರ ಜೊತೆಗೆ ಸಣ್ಣ ಆದರೆ ಬಿಡಲಾಗದ ಎಚ್ಚರಗಳಿವೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಕಾವಿನಲ್ಲಿ ಕ್ವಾರ್ಟ್ಸನ್ನು ಬೆಳ್ಳಗೆ ಮಂಜುಗಟ್ಟಿಸಿ ದುರ್ಬಲಗೊಳಿಸುತ್ತದೆ. ಮುಚ್ಚಿದ ಟ್ಯೂಬಿನ ತುದಿ 350 ಡಿಗ್ರಿ ಮೀರಿದರೆ ಒಳಗಿನ ಮಾಲಿಬ್ಡಿನಂ ಹಾಳೆ ಆಕ್ಸಿಡೀಕರಣಗೊಂಡು ಟ್ಯೂಬು ಹೋಗುತ್ತದೆ. ತಿನ್ನರ್ ಬೆರೆತ ಬಣ್ಣದ ಆವಿಯಾಗಲಿ, ತೇಲುವ ಬಣ್ಣದ ಪುಡಿಯಾಗಲಿ ಕೆಂಪಗೆ ಉರಿಯುವ ಸುರುಳಿಯ ಬಳಿ ನಿಂತರೆ ಸ್ಫೋಟವೇ ಆಗಬಹುದು, ಗಾಳಿ ಹೊರದೂಡುವ ವ್ಯವಸ್ಥೆ ಕಡ್ಡಾಯ.

ವಿದ್ಯುತ್ತು ಬರುವುದಾದರೂ ಕಲ್ಲಿದ್ದಲಿನಿಂದ ತಾನೆ, ಹೊಗೆ ಇಲ್ಲಿಂದ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೋಯಿತು ಅಷ್ಟೆ ಎನ್ನುವವರಿದ್ದಾರೆ. ಈ ಆಕ್ಷೇಪಕ್ಕೂ ಲೆಕ್ಕದಲ್ಲೇ ಉತ್ತರ ಕೊಡಬೇಕು. ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗಿ ನಮ್ಮ ಬಾಗಿಲಿಗೆ ಬರುತ್ತದೆ. ಆದ್ದರಿಂದ ಚೆನ್ನಾಗಿ ಕಟ್ಟಿದ, ಸದಾ ತುಂಬಿರುವ ಅನಿಲದ ಒಲೆ ಇರುವವರು ಟ್ಯೂಬಿಗೆ ಬದಲಾದರೆ ಪರಿಸರಕ್ಕೆ ಲಾಭವಿಲ್ಲದೇ ಇರಬಹುದು. ಅನಿಲದ ಹತ್ತರಲ್ಲಿ ಒಂದು ಪಾಲು ಮಾತ್ರ ಗ್ರಿಲ್ಲಿಗೆ ಸೇರುತ್ತಿರುವ ಒಲೆಯಾದರೆ ಕಲ್ಲಿದ್ದಲ ವಿದ್ಯುತ್ತಿನ ಟ್ಯೂಬೂ ಅದಕ್ಕಿಂತ ವಾಸಿಯಾಗುವ ಸಾಧ್ಯತೆ ಹೆಚ್ಚು. ಮೇಲಾಗಿ ಕರ್ನಾಟಕದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲೊಂದೇ ಇಲ್ಲ. 1,035 ಮೆಗಾವಾಟ್‌ನ ಶರಾವತಿ ಕೇಂದ್ರ ಇದೇ ಜಿಲ್ಲೆಯಲ್ಲಿದೆ, ಪಾವಗಡದ ಬಯಲಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಸೌರ ವಿದ್ಯುತ್ ಹರಿದು ಬರುವ ಹಗಲು ಹೊತ್ತಿನಲ್ಲೇ ನಮ್ಮ ಶೆಡ್ಡುಗಳೂ ಕೆಲಸ ಮಾಡುತ್ತವೆ. ಹಚ್ಚಿದ ಕೂಡಲೇ ಕಾಯುವ, ಆರಿಸಿದ ಕೂಡಲೇ ತಣಿಯುವ ಒಲೆಗೆ ಬಿಸಿಲಿನ ಹೊತ್ತಿಗೆ ಹೊಂದಿಕೊಳ್ಳುವುದು ಕಷ್ಟವೇನಲ್ಲ. ಶರಾವತಿಯ ವಿದ್ಯುತ್ತಿಗಾಗಿ ಊರು-ತೋಟ ಮುಳುಗಿಸಿಕೊಂಡ ಕುಟುಂಬಗಳು ಈ ಜಿಲ್ಲೆಯವೇ. ಅಷ್ಟು ಬೆಲೆ ತೆತ್ತು ಬಂದ ವಿದ್ಯುತ್ತಿನಿಂದ ಖಾಲಿ ಗಾಳಿ ಕಾಯಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇಷ್ಟೆಲ್ಲ ವಾದ ತೀರ್ಮಾನವಾಗಬೇಕಾದದ್ದು ಅಂಕಣದಲ್ಲಲ್ಲ, ಶೆಡ್ಡಿನಲ್ಲಿ. ಟ್ಯೂಬು ಮಾರುವವನು ಕೊಡುವ ಅಂಕಿಯನ್ನಾಗಲಿ ಅನಿಲದ ಒಲೆ ಕಟ್ಟುವವನ ಅಂಕಿಯನ್ನಾಗಲಿ ಸಣ್ಣ ಉದ್ಯಮಿ ಕಣ್ಣುಮುಚ್ಚಿ ನಂಬಬೇಕಾದ ಸ್ಥಿತಿ ಇರಬಾರದು. ಶಿವಮೊಗ್ಗದಲ್ಲಿ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿದೆ, ಭದ್ರಾವತಿಯ ಪಕ್ಕದಲ್ಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಕಾವಿನ ಹದವನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಉಕ್ಕಿನ ಕಾರ್ಖಾನೆಯ ಹಿರಿಯ ಕಾರ್ಮಿಕರು ಭದ್ರಾವತಿಯ ಬೀದಿಬೀದಿಯಲ್ಲಿದ್ದಾರೆ. ಇವರನ್ನೆಲ್ಲ ಕೂಡಿಸಿ ಮಾಚೇನಹಳ್ಳಿಯಲ್ಲಿ ಹತ್ತಿಪ್ಪತ್ತು ಕಿಲೋವಾಟ್‌ನ ಒಂದು ಪರೀಕ್ಷಾ ಒಲೆ ಇಡಲು ಜಿಲ್ಲಾ ಕೈಗಾರಿಕಾ ಕೇಂದ್ರ ಮುಂದಾಗಲಿ. ಯಾರು ಬೇಕಾದರೂ ತಮ್ಮ ಮಾಲು ತಂದು ಬೇಯಿಸಿ, ಮೀಟರು ಓದಿಕೊಂಡು ಹೋಗುವಂತಿರಲಿ. ಅಲ್ಲಿಯವರೆಗೆ ಒಲೆ ಇಟ್ಟುಕೊಂಡ ಪ್ರತಿಯೊಬ್ಬರಲ್ಲೂ ಒಂದು ಕೋರಿಕೆ. ನಾಳೆ ಬೆಳಗ್ಗೆ ಒಲೆ ಹಚ್ಚುವ ಮೊದಲು ಸಿಲಿಂಡರನ್ನು ತೂಗಿ, ಸಂಜೆ ಆರಿಸಿದ ಮೇಲೆ ಇನ್ನೊಮ್ಮೆ ತೂಗಿ. ನಡುವೆ ಎಷ್ಟು ಕಿಲೋ ಮಾಲು ಬೆಂದು ಹೊರಬಂತು ಎಂದು ಬರೆದಿಡಿ. 20 ಕಿಲೋ ಮಾಲಿಗೆ 35 ಗ್ರಾಂ ಎಂಬ ಅಂಕಿಯ ಪಕ್ಕದಲ್ಲಿ ನಿಮ್ಮ ಅಂಕಿಯನ್ನು ಇಟ್ಟು ನೋಡಿ.